ಬಾಡಿ ಮಸಾಜ್ ಕಲಿಯೋಣ: ರೊಟ್ಟಿ ಬಡಿದ ಕೈಯಿಂದಲೇ ಶುರು

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಗುಳೇದಗುಡ್ಡದ ಕಡೆಯ ಹುಡುಗಿಯೊಬ್ಬಳು ಬಾಗಲಕೋಟೆ ನವನಗರದ ನಮ್ಮ ಪಾರ್ಲರಿಗೆ ಕೆಲಸ ಕೇಳಿಕೊಂಡು ಬಂದಳು. "ಐಬ್ರೋ ಬರ್ತೈತ್ರಿ ಅಕ್ಕಾರ, ವ್ಯಾಕ್ಸಿಂಗ್ ಬರ್ತೈತ್ರಿ, ಫೇಶಿಯಲ್ಲೂ ಮಾಡ್ತೀನ್ರಿ. ಬಾಡಿ ಮಸಾಜ್ ಒಂದ ಬರಂಗಿಲ್ಲ ನೋಡ್ರಿ" ಅಂದಳು. "ರೊಟ್ಟಿ ಬಡಿಯಾಕ ಬರ್ತೈತಿಲ್ಲೋ?" ಅಂತ ಕೇಳಿದೆ. ನಕ್ಕಳು. "ಅದೇನ್ ಕೇಳ್ತೀರಿ, ಎಂಟನೇತ್ತೆ ಇದ್ದಾಗಿಂದ ಬಡಿಯಾಕತ್ತೀನ್ರಿ." ಹಾಗಾದರೆ ಅರ್ಧ ಕಲಿತಾಯಿತು ಅಂದೆ.

ಸುಮ್ಮನೆ ಹೇಳಿದ ಮಾತಲ್ಲ. ಮಸಾಜಿನಲ್ಲಿ ಪೆಟ್ರಿಸಾಜ್ ಎಂಬ ಪಟ್ಟು ಇದೆಯಲ್ಲ, ಆ ಹೆಸರು ಬಂದದ್ದೇ ಫ್ರೆಂಚಿನ ಹಿಟ್ಟು ನಾದುವ ಮಾತಿನಿಂದ. ಜೋಳದ ಹಿಟ್ಟಿಗೆ ಗೋದಿಯ ಜಿಗುಟು ಇಲ್ಲ. ಅಂಗೈ ಬುಡದಿಂದ ಒತ್ತಿ, ಮುಂದೆ ತಳ್ಳಿ, ಮತ್ತೆ ಎಳೆದುಕೊಂಡು ಹದವಾಗಿ ನಾದದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಕೈಯಲ್ಲಿ ಎಷ್ಟು ಭಾರ ಬಿಡಬೇಕು ಅನ್ನುವ ಲೆಕ್ಕ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಾದದ್ದು ಬೇರೆ: ಎಲ್ಲಿ ಒತ್ತಬಾರದು, ಯಾರನ್ನು ಮುಟ್ಟದೆ ವಾಪಸ್ ಕಳಿಸಬೇಕು, ನಮ್ಮ ಹೆಬ್ಬೆರಳು ಮತ್ತು ಸೊಂಟವನ್ನು ಹೇಗೆ ಉಳಿಸಿಕೊಳ್ಳಬೇಕು. ನಾನು ಮೂರು ತಿಂಗಳ ಒಂದು ಕೋರ್ಸಿನಲ್ಲಿ ಕಲಿತವಳು. ಮೇಕಪ್ಪಿಗೆ ಮೂರು ವಾರ ಕೊಟ್ಟರು, ಬಾಡಿ ಮಸಾಜಿಗೆ ಒಂದು ಮಧ್ಯಾಹ್ನ. ಆ ಮಧ್ಯಾಹ್ನದಲ್ಲಿ ಹೇಳದೆ ಬಿಟ್ಟದ್ದನ್ನೇ ಇಲ್ಲಿ ಹೆಚ್ಚಾಗಿ ಬರೆದಿದ್ದೇನೆ.

ಮೊದಲು ಕೈ, ಆಮೇಲೆ ಮಂಚ

ಉಗುರು ಬೆರಳ ತುದಿ ದಾಟಿರಬಾರದು. ಉಂಗುರ, ವಾಚು ಬೇಡ. ಬಳೆ ಮಾತ್ರ ನಮ್ಮಲ್ಲಿ ದೊಡ್ಡ ಪಂಚಾಯಿತಿ. ಬಳೆ ತೆಗೆದು ಬರಿಗೈಲಿ ಕೆಲಸ ಮಾಡಿದರೆ ಅತ್ತೆಯವರು ಸುಮ್ಮನಿರುವುದಿಲ್ಲ, ಹಾಕಿಕೊಂಡು ಮಾಡಿದರೆ ಗಾಜಿನ ಅಂಚು ಗಿರಾಕಿಯ ಬೆನ್ನಿಗೆ ಗೀರುತ್ತದೆ. ನಾನು ಕಂಡುಕೊಂಡ ದಾರಿ ಇಷ್ಟೆ: ಕೈಗೆ ಎರಡೇ ಬಳೆ, ಕೆಲಸದ ಹೊತ್ತಿನಲ್ಲಿ ಅವನ್ನು ಮೊಣಕೈ ಕಡೆಗೆ ಸರಿಸಿ ಮೇಲೊಂದು ಅಗಲವಾದ ಇಲಾಸ್ಟಿಕ್ ಪಟ್ಟಿ. ಮುಂಗೈ ಆಡಿಸುವ ಪಟ್ಟುಗಳಿಗೆ ಅದೂ ಅಡ್ಡ ಬರುತ್ತದೆ, ಆಗ ತೆಗೆದು ಡಬ್ಬಿಯಲ್ಲಿಡುತ್ತೇನೆ. ಪ್ರತಿ ಗಿರಾಕಿಗೂ ಮುಂಚೆ ಮತ್ತು ಆಮೇಲೆ ಸೋಪು ಹಚ್ಚಿ 40 ಸೆಕೆಂಡಿಗೆ ಕಡಿಮೆ ಇಲ್ಲದಂತೆ ಕೈ ತೊಳೆಯಬೇಕು. ತಣ್ಣಗಿದ್ದರೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ.

ಮಂಚದ ಎತ್ತರವನ್ನು ಅಂಗಡಿಯವನು ಹೇಳಿದಂತೆ ಕೊಳ್ಳಬೇಡಿ. ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಬೆರಳ ಗಿಣ್ಣು ಮಂಚಕ್ಕೆ ತಾಗಬೇಕು. ಅದು ನಿಮ್ಮ ಎತ್ತರ. ಐದು ಅಡಿಯ ನನಗೂ ಐದೂವರೆ ಅಡಿಯ ಆ ಹುಡುಗಿಗೂ ಒಂದೇ ಮಂಚ ಒಗ್ಗಲಿಲ್ಲ, ನಾನು ಕಾಲಡಿ ಒಂದು ಮಣೆ ಹಾಕಿಕೊಂಡೆ. ಉದ್ದ ಆರು ಅಡಿ, ಅಗಲ 28 ಇಂಚು ಸಾಕು. ಅಗಲ ಹೆಚ್ಚಾದಷ್ಟು ನೀವು ಬಾಗಬೇಕಾಗುತ್ತದೆ. ಊರಿನ ಬಡಿಗೇರರೇ ಮಾಡಿಕೊಡುತ್ತಾರೆ. ಮುಖ ಇಡಲು ತಲೆಯ ಕಡೆ ದುಂಡನೆಯ ತೂತು ಬಿಡಿಸಿ, ಕಾಲು ಅಲುಗದಂತೆ ಅಡ್ಡಪಟ್ಟಿ ಹೊಡೆಸಿ. ಗಿರಾಕಿ ಮಲಗಿದಾಗ ಮಂಚ ಕಿರ್ ಅಂದರೆ ಮುಗಿಯಿತು, ಅವರು ಮೈ ಸಡಿಲ ಬಿಡುವುದೇ ಇಲ್ಲ.

ಎಣ್ಣೆಯ ವಿಚಾರ

ಕುಸುಬಿ ನಮ್ಮ ಹೊಲದ್ದೇ ಬೆಳೆ, ಎಣ್ಣೆ ಹಗುರ, ಚರ್ಮದ ಮೇಲೆ ಚೆನ್ನಾಗಿ ಜಾರುತ್ತದೆ. ಗಾಣದ್ದಕ್ಕೆ ವಾಸನೆ ಇರುತ್ತದೆ, ಕೆಲವರಿಗೆ ಸೇರುವುದಿಲ್ಲ. ಚಳಿಗಾಲದಲ್ಲಿ ಮೈ ಬಿರಿದಾಗ ಎಳ್ಳೆಣ್ಣೆಗೆ ಸಾಟಿಯಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಿಗ್ಗೆ ಚಮಚದಿಂದ ತೋಡಬೇಕು. ಔಡಲ ಎಣ್ಣೆ ಕೂಸಿಗೆ ಎರೆಯುವ ಅಜ್ಜಿಗಳಿಗೆ ಸರಿ, ಒಂದು ತಾಸಿನ ಮಸಾಜಿಗೆ ತೀರಾ ಮಂದ. ಬಾದಾಮಿ ಎಣ್ಣೆ ಒಳ್ಳೆಯದು, ತುಟ್ಟಿ. ಬಳಸುವ ಮುಂಚೆ ಬಾದಾಮಿ, ಗೋಡಂಬಿ ತಿಂದರೆ ಮೈ ತುರಿಸುತ್ತದೆಯೇ ಎಂದು ಕೇಳಲೇಬೇಕು. ಸಾಸಿವೆ ಎಣ್ಣೆ ಕೆಲವರ ಚರ್ಮವನ್ನು ಕೆಂಪಗೆ ಮಾಡುತ್ತದೆ, ಹೊಸಬರು ದೂರವಿಡಿ. ಯಾವುದೇ ಎಣ್ಣೆ ಗಿರಾಕಿಗೆ ಹೊಸದಾದರೆ ಹಿಂದಿನ ದಿನ ಮುಂಗೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ನೋಡಿ.

ಸುಗಂಧದ ಎಸೆನ್ಶಿಯಲ್ ಆಯಿಲ್‌ಗಳನ್ನು ಹಾಗೇ ಚರ್ಮಕ್ಕೆ ಹಾಕುವಂತಿಲ್ಲ. 30 ಮಿಲಿ ಎಣ್ಣೆಗೆ 6 ಹನಿ, ತೀರಾ ಅಂದರೆ 12. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಎಣ್ಣೆ ಕಾಯಿಸಿ, ಒಲೆಯ ಮೇಲೆ ನೇರವಾಗಿ ಇಡಬೇಡಿ. ನಿಮ್ಮ ಮಣಿಕಟ್ಟಿನ ಒಳಗೆ ಹಚ್ಚಿ ನೋಡಿದರೆ ಬೆಚ್ಚಗಿರಬೇಕು, ಅಷ್ಟೆ. ಗಿರಾಕಿಯ ಮೈಮೇಲೆ ಸುರಿಯುವ ಚಾಳಿ ಬೇಡ. ನಿಮ್ಮ ಅಂಗೈಗೆ ಹಾಕಿಕೊಂಡು ಹಚ್ಚಿ.

ಒಂದು ಎಚ್ಚರಿಕೆಯನ್ನು ಯಾವ ಕೋರ್ಸಿನಲ್ಲೂ ನನಗೆ ಯಾರೂ ಹೇಳಲಿಲ್ಲ. ಕುಸುಬಿಯಂಥ ಎಣ್ಣೆ ಗಾಳಿಗೆ ಬೇಗ ಕೆಟ್ಟು ಅಂಟಾಗುತ್ತದೆ, ಹಾಗಾಗುವಾಗ ಬಿಸಿಯನ್ನೂ ಬಿಡುತ್ತದೆ. ಎಣ್ಣೆ ಹೀರಿದ ಟಾವೆಲುಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿಟ್ಟರೆ, ಅದರಲ್ಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಅವತ್ತಿನದ್ದು ಅವತ್ತೇ ವಾಷಿಂಗ್ ಸೋಡಾ ಹಾಕಿ ಬಿಸಿನೀರಿನಲ್ಲಿ ಒಗೆದು ಹರವಿ. ಎಣ್ಣೆಯನ್ನೂ ಅರ್ಧ ಲೀಟರಿನ ಬಾಟಲಿಯಲ್ಲೇ ಕೊಳ್ಳಿ.

ಮುಟ್ಟುವ ಮುಂಚೆ ಕೇಳುವುದು

ಇದೇ ಇಡೀ ಕೆಲಸದ ತಿರುಳು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಾರ್ಲರ್ ಇಟ್ಟ ಎರಡನೇ ವರ್ಷ. ಹೆರಿಗೆಯಾಗಿ ಮೂರು ವಾರವಾಗಿದ್ದ ಬಾಣಂತಿಯೊಬ್ಬರನ್ನು ಅವರ ಅತ್ತೆ ಕರೆದುಕೊಂಡು ಬಂದರು. "ಎಡಗಾಲು ಭಾಳ ಜಗ್ಗತೈತಂತ್ರಿ, ಚಲೋತ್ನಾಗಿ ತಿಕ್ಕಿ ಕೊಡ್ರಿ ಬಾಯಿ." ನೋಡಿದರೆ ಎಡ ಮೀನಖಂಡ ಬಲಗಾಲಿಗಿಂತ ದಪ್ಪಗಿತ್ತು, ಬಿಗಿದು ಮಿರುಗುತ್ತಿತ್ತು, ಮುಟ್ಟಿದರೆ ಬೆಚ್ಚಗೆ. ಬಾಣಂತಿ ಅಂದಮೇಲೆ ಬಾವು ಇದ್ದದ್ದೇ ಎಂದುಕೊಂಡು ನಾನು ಎಣ್ಣೆ ಕೈಗೆ ಹಾಕಿಕೊಂಡಾಗಿತ್ತು. ಪಕ್ಕದ ಕುರ್ಚಿಯಲ್ಲಿ ತಲೆಗೆ ಮೆಹಂದಿ ಹಚ್ಚಿಸಿಕೊಂಡು ಕುಳಿತಿದ್ದ ನರ್ಸ್ ಒಬ್ಬರು ಅಲ್ಲಿಂದಲೇ ಕೂಗಿದರು: "ಏ ಅಕ್ಕಾ, ಕೈ ಹಚ್ಚಬ್ಯಾಡ! ಮೊದ್ಲ ದವಾಖಾನಿಗೆ ಕಳಸು." ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು ಎಂದು ಆಮೇಲೆ ತಿಳಿಯಿತು. ಹೆರಿಗೆಯ ನಂತರದ ವಾರಗಳು, ದೊಡ್ಡ ಆಪರೇಷನ್, ಬಹಳ ದಿನ ಹಾಸಿಗೆ ಹಿಡಿದಿರುವುದು, ಇವುಗಳಲ್ಲಿ ಈ ಅಪಾಯ ಹೆಚ್ಚು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ನೀವು ಮಾಡುವ ಕೆಲಸ ಒಂದೇ, ಡಾಕ್ಟರ ಹತ್ತಿರ ಕಳಿಸುವುದು.

ಅವತ್ತಿನಿಂದ ಒಂದು ಚೀಟಿ ಮಾಡಿಟ್ಟುಕೊಂಡಿದ್ದೇನೆ. ಜ್ವರ ಇದೆಯೇ? ಮೈಮೇಲೆ ಗಾಯ, ಹುಣ್ಣು, ಗಜಕರ್ಣ, ಸುಟ್ಟದ್ದು? ಇತ್ತೀಚೆಗೆ ಆಪರೇಷನ್, ಮೂಳೆ ಮುರಿತ? ಬಿಪಿ, ಸಕ್ಕರೆ, ಹೃದಯದ ಗುಳಿಗೆ? ರಕ್ತ ತೆಳ್ಳಗಾಗುವ ಗುಳಿಗೆ? ಬಸುರಿಯೇ, ಎಷ್ಟು ತಿಂಗಳು? ಕ್ಯಾನ್ಸರ್ ಚಿಕಿತ್ಸೆ ನಡೆದಿದೆಯೇ? ಜ್ವರ, ಅಂಟುವ ಚರ್ಮರೋಗ ಇದ್ದರೆ ಅವತ್ತು ಇಲ್ಲವೇ ಇಲ್ಲ. ಗಾಯ, ಸುಟ್ಟದ್ದು ಇದ್ದರೆ ಆ ಜಾಗ ಬಿಟ್ಟುಬಿಡಿ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ರಕ್ತ ತೆಳ್ಳಗಾಗುವ ಗುಳಿಗೆ ನುಂಗುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಡಾಕ್ಟರನ್ನು ಕೇಳಿಯೇ ಬರಲಿ. ಸಕ್ಕರೆ ಇರುವ ವಯಸ್ಸಾದವರ ಪಾದಕ್ಕೆ ಸ್ಪರ್ಶ ಕಡಿಮೆ ಇರಬಹುದು. ಜೋರಾಗಿ ಒತ್ತಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಉಬ್ಬಿ ಸುರುಳಿಯಾದ ನೀಲಿ ನರಗಳ ಮೇಲೆ ಕೈ ಹಾಕಬೇಡಿ. ಬಸುರಿಯರ ಮಸಾಜ್ ಬೇರೆಯೇ ತರಬೇತಿ, ಅದನ್ನು ಕಲಿಯುವ ತನಕ ಬೇಡ ಅನ್ನಿ.

"ಬೇಡ" ಅನ್ನಲು ಮೊದಲ ತಿಂಗಳು ನಾಲಿಗೆ ಏಳುವುದಿಲ್ಲ. ಗಿರಾಕಿ ಕೈತಪ್ಪುತ್ತಾರೆ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ತಪ್ಪಿ ಹೋದವರಿಗಿಂತ ವಾಸಿಯಾದ ಮೇಲೆ ತಿರುಗಿ ಬಂದವರೇ ಹೆಚ್ಚು.

ಐದು ಪಟ್ಟು

ಸ್ವೀಡಿಶ್ ಮಸಾಜ್ ಎಂದು ಕರೆಯುವ ಪದ್ಧತಿಯಲ್ಲಿ ಐದು ಮೂಲ ಪಟ್ಟುಗಳು. ಹೆಸರು ಸ್ವೀಡನ್ನಿನದು, ಪಟ್ಟುಗಳ ಹೆಸರು ಫ್ರೆಂಚ್, ಅವನ್ನು ಬಳಕೆಗೆ ತಂದವರು ಯೋಹಾನ್ ಮೆಜ್ಗರ್ (1838–1909) ಎಂಬ ಡಚ್ ವೈದ್ಯರು. ಬರೆಯುವ ಪರೀಕ್ಷೆಗಳಲ್ಲಿ ಫ್ರೆಂಚ್ ಹೆಸರುಗಳನ್ನೇ ಕೇಳುತ್ತಾರೆ, ಬಾಯಿಪಾಠ ಮಾಡಿಕೊಳ್ಳಿ. ಕೈಗೆ ಕನ್ನಡ ಸಾಕು.

ನೀವುವುದು, ಅಂದರೆ ಎಫ್ಲುರಾಜ್: ಇಡೀ ಅಂಗೈ ಮೈಗೆ ಅಂಟಿದಂತೆ ಉದ್ದಕ್ಕೆ ಜಾರಿಸುವುದು. ಶುರುವೂ ಇದೇ, ಕೊನೆಯೂ ಇದೇ. ಹೃದಯದ ಕಡೆಗೆ ಹೋಗುವಾಗ ಒತ್ತು, ವಾಪಸ್ ಬರುವಾಗ ಗರಿಯಷ್ಟು ಹಗುರ. ಕಾರಣ ಸರಳ. ಕಾಲು ಕೈಗಳ ಅಭಿಧಮನಿಗಳಲ್ಲಿ ರಕ್ತ ಮೇಲಕ್ಕೆ ಮಾತ್ರ ಹೋಗುವಂತೆ ಒಳಗೆ ಕವಾಟಗಳಿವೆ, ನಮ್ಮ ಒತ್ತಡವೂ ಅದೇ ದಾರಿಯಲ್ಲಿ ಹೋಗಬೇಕು.

ನಾದುವುದು, ಪೆಟ್ರಿಸಾಜ್: ಸ್ನಾಯುವನ್ನು ಎಲುಬಿನಿಂದ ಎತ್ತಿ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಹಿಂಡುವುದು. ತೊಡೆ, ಮೀನಖಂಡ, ಹೆಗಲಿಗೆ ಹೇಳಿ ಮಾಡಿಸಿದ್ದು. ಹೊಸಬರು ಮಾಡುವ ತಪ್ಪು ಚರ್ಮವನ್ನಷ್ಟೇ ಹಿಡಿದು ಎಳೆಯುವುದು. ಅದು ಚಿವುಟಿದ ಹಾಗಾಗುತ್ತದೆ. ಅಂಗೈ ತುಂಬ ಹಿಡಿಯಿರಿ.

ಉಜ್ಜುವುದು, ಫ್ರಿಕ್ಷನ್: ಗಂಟುಗಟ್ಟಿದ ಜಾಗದಲ್ಲಿ ಬೆರಳ ಮೆತ್ತೆಯಿಂದ ಸಣ್ಣ ವೃತ್ತ. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಬೆರಳಿನ ಜೊತೆ ಒಳಗಿನ ಸ್ನಾಯುವಿನ ಮೇಲೆ ಓಡಾಡಬೇಕು. ಎಣ್ಣೆ ಹೆಚ್ಚಾದರೆ ಇದು ಆಗುವುದಿಲ್ಲ.

ತಟ್ಟುವುದು, ಟಪೋಟ್‌ಮೆಂಟ್: ಇಲ್ಲಿ ಮಾತ್ರ ರೊಟ್ಟಿಯ ಕೈ ಮೋಸ ಮಾಡುತ್ತದೆ. ರೊಟ್ಟಿ ಬಡಿಯುವಾಗ ಅಂಗೈ ಚಪ್ಪಟೆ, ಮೈಗೆ ಹಾಗೆ ಬಡಿದರೆ ಚುರುಗುಟ್ಟುತ್ತದೆ. ಅಂಗೈಯನ್ನು ನೀರು ಹಿಡಿಯುವ ಹಾಗೆ ಗುಳಿ ಮಾಡಿ, ಮಣಿಕಟ್ಟು ಸಡಿಲ ಬಿಟ್ಟು ತಟ್ಟಿದರೆ ಡಬ್ ಡಬ್ ಎಂಬ ಟೊಳ್ಳು ಸದ್ದು ಬರಬೇಕು. ಚಟ್ ಅಂದರೆ ತಪ್ಪು. ಆ ಹುಡುಗಿಗೆ ಇದನ್ನು ಬಿಡಿಸಲು ನನಗೆ ಹದಿನೈದು ದಿನ ಹಿಡಿಯಿತು, ದಿಂಬಿನ ಮೇಲೆ ತಟ್ಟಿಸಿ ತಟ್ಟಿಸಿ ಸದ್ದು ಕೇಳುತ್ತಿದ್ದೆ. ಬೆನ್ನೆಲುಬಿನ ಮೇಲೆ, ಪಕ್ಕೆಲುಬು ಮುಗಿಯುವ ಕಡೆ ಮೂತ್ರಪಿಂಡದ ಜಾಗದಲ್ಲಿ ತಟ್ಟಬೇಡಿ.

ಐದನೆಯದು ನಡುಗಿಸುವುದು, ವೈಬ್ರೇಷನ್. ಬೆರಳಿಟ್ಟು ಸಣ್ಣಗೆ ಕಂಪಿಸುವುದು. ಕೈ ಬೇಗ ಸೋಲುತ್ತದೆ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ.

ಯಾವ ಪಟ್ಟಾದರೂ ಬಿಡಬೇಕಾದ ಜಾಗಗಳು: ಗಂಟಲಿನ ಮುಂಭಾಗ ಮತ್ತು ಪಕ್ಕ, ಕಂಕುಳ, ಮೊಣಕೈ ಒಳಮಡಿಕೆ, ತೊಡೆಯ ಸಂದು, ಮೊಣಕಾಲಿನ ಹಿಂದಿನ ಕುಳಿ. ಇಲ್ಲೆಲ್ಲ ನರ, ರಕ್ತನಾಳ ಚರ್ಮದ ತೀರ ಹತ್ತಿರ ಇರುತ್ತವೆ.

ಬೆನ್ನು, ಇಪ್ಪತ್ತು ನಿಮಿಷ

ಒಮ್ಮೆಲೆ ಇಡೀ ಮೈ ಕಲಿಯಲು ಹೋಗಬೇಡಿ. ಒಂದು ತಿಂಗಳು ಬೆನ್ನು ಮಾತ್ರ.

ಗಿರಾಕಿ ಬೋರಲು ಮಲಗಲಿ, ಪಾದದ ಗಂಟಿನ ಕೆಳಗೆ ಸುತ್ತಿದ ಟಾವೆಲ್ ಇಡಿ. ಅವರು ಬಟ್ಟೆ ಬದಲಿಸುವಾಗ ನೀವು ಹೊರಗಿರಿ, ಬಾಗಿಲು ತಟ್ಟಿಯೇ ಒಳಗೆ ಬನ್ನಿ. ಕುತ್ತಿಗೆಯಿಂದ ಕಾಲಿನ ತನಕ ಚಾದರ ಹೊದಿಸಿ, ಆಮೇಲೆ ಮಡಚುವಾಗಲೂ ಸೊಂಟದ ತನಕ ಮಾತ್ರ. ಕೆಲಸ ಮಾಡುವ ಭಾಗವಷ್ಟೇ ತೆರೆದಿರಬೇಕು. ನಮ್ಮ ಕಡೆ ಮೊದಲ ಸಲ ಬರುವ ಹೆಂಗಸರು ನಾಚಿಕೆಯಿಂದ ಕಲ್ಲಿನಂತೆ ಬಿಗಿದಿರುತ್ತಾರೆ. ಚಾದರ ಅಚ್ಚುಕಟ್ಟಾಗಿ ಹೊದಿಸುವುದನ್ನು ಕಂಡರೆ ಅರ್ಧ ಬಿಗಿ ಅಲ್ಲೇ ಹೋಗುತ್ತದೆ. ಆ ಕೋಣೆಯಲ್ಲಿ ಮೊಬೈಲ್ ಇರಕೂಡದು, ನಿಮ್ಮದೂ ಸೇರಿ.

ಮೊದಲು ಚಾದರದ ಮೇಲೆಯೇ ಎರಡೂ ಅಂಗೈ ಬೆನ್ನ ಮೇಲಿಟ್ಟು ಸುಮ್ಮನೆ ನಿಲ್ಲಿ, ಅವರ ಎರಡು ಮೂರು ಉಸಿರು ಎಣಿಸಿ. ಆಮೇಲೆ ಚಾದರ ಮಡಚಿ ಎಣ್ಣೆ ಹಚ್ಚಿ. ತಲೆಯ ಕಡೆ ಅಲ್ಲ, ಸೊಂಟದ ಪಕ್ಕ ನಿಲ್ಲಿ, ಒಂದು ಕಾಲು ಮುಂದೆ, ಒಂದು ಹಿಂದೆ. ಬೆನ್ನೆಲುಬಿನ ಎರಡೂ ಬದಿ ಅಂಗೈ ಇಟ್ಟು ಸೊಂಟದಿಂದ ಕತ್ತಿನ ಬುಡದ ತನಕ ತಳ್ಳಿ, ಹೆಗಲ ಮೇಲೆ ಹರಡಿ, ಪಕ್ಕಗಳಿಂದ ಹಗುರವಾಗಿ ಇಳಿದು ಬನ್ನಿ. ಹೀಗೆ ಆರು ಸಲ, ಪ್ರತಿ ಸಲ ಒಂದಿಷ್ಟು ಹೆಚ್ಚು ಭಾರ. ಭಾರ ತೋಳಿನಿಂದ ಬರಬಾರದು, ಹಿಂದಿನ ಕಾಲಿನಿಂದ ಬರಬೇಕು. ನೀವು ಮುಂದಕ್ಕೆ ವಾಲಿದರೆ ಸಾಕು.

ಬಳಿಕ ಆಚೆ ಬದಿಯ ಸೊಂಟದಿಂದ ಕಂಕುಳ ತನಕ ಮೇಲೇರುತ್ತ ನಾದಿ, ಈಚೆ ಬಂದು ಇನ್ನೊಂದು ಬದಿ. ಹೆಗಲ ಮೇಲಿನ ದಪ್ಪ ಸ್ನಾಯುವಿಗೆ ಹೆಚ್ಚು ಹೊತ್ತು ಕೊಡಿ. ದಿನಕ್ಕೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವವರದ್ದು, ಕುಣಿಮಗ್ಗದಲ್ಲಿ ಕೂತು ಖಣ ನೇಯುವವರದ್ದು, ಕಂಪ್ಯೂಟರ್ ಮುಂದೆ ಕೂತವರದ್ದು, ಎಲ್ಲರ ನೋವೂ ಕೊನೆಗೆ ಅಲ್ಲಿಗೇ ಬಂದು ಕೂತಿರುತ್ತದೆ. ಗಂಟು ಸಿಕ್ಕಿದರೆ ವೃತ್ತಾಕಾರವಾಗಿ ಉಜ್ಜಿ, ಒಂದು ನಿಮಿಷಕ್ಕಿಂತ ಹೆಚ್ಚು ಬೇಡ, ಮತ್ತೆ ನೀವಿ, ಮತ್ತೆ ಬನ್ನಿ. ಬೆನ್ನೆಲುಬಿನ ಗಿಣ್ಣುಗಳ ಮೇಲೆ ನೇರ ಒತ್ತುವಂತಿಲ್ಲ, ಪಕ್ಕದ ಒಂದು ಬೆರಳಗಲದ ಕಾಲುವೆ ನಿಮ್ಮ ದಾರಿ. ಹೆಗಲ ಮೇಲೆ ಒಂದಿಷ್ಟು ತಟ್ಟಿ, ಕೊನೆಗೆ ನೀವುತ್ತ ನಿಧಾನ ಮಾಡಿ ಕೈ ತೆಗೆಯಿರಿ. ಇಡೀ ಹೊತ್ತು ಒಂದು ಕೈಯಾದರೂ ಮೈಮೇಲೆ ಇರಲಿ.

ಒತ್ತು ಸಾಕೇ ಎಂದು ಕೇಳಿದರೆ ನಮ್ಮವರು ಸಂಕೋಚಕ್ಕೆ "ಹ್ಞೂ ರಿ, ಚಲೋ ಐತಿ" ಅನ್ನುತ್ತಾರೆ. ಅದರ ಬದಲು "ಹತ್ತಕ್ಕ ಎಷ್ಟು?" ಎಂದು ಕೇಳಿ. ಐದು ಆರು ಅಂದರೆ ಸರಿ, ಎಂಟು ಅಂದರೆ ಕಡಿಮೆ ಮಾಡಿ. ಕಾಲ್ಬೆರಳು ಮುದುಡಿದರೆ, ಉಸಿರು ಹಿಡಿದರೆ ಅವರು ಹೇಳದಿದ್ದರೂ ನೋಯುತ್ತಿದೆ ಎಂದರ್ಥ.

ಕಾಲು, ಕೈಗೆ ಕ್ರಮ ಇದೇ: ನೀವಿ, ನಾದಿ, ಉಜ್ಜಿ, ನೀವಿ. ಕಾಲಿಗೆ ತಲಾ ಹತ್ತು ನಿಮಿಷ, ಕೈಗೆ ಐದೈದು. ಹೊಟ್ಟೆಯನ್ನು ಮೊದಲ ವರ್ಷ ಬಿಟ್ಟುಬಿಡಿ. ಮುಗಿದ ಮೇಲೆ ದಡಬಡ ಎಬ್ಬಿಸಬೇಡಿ, ತಲೆ ಸುತ್ತುತ್ತದೆ. ಪಕ್ಕಕ್ಕೆ ಹೊರಳಿ ನಿಧಾನ ಏಳಲಿ, ಒಂದು ಲೋಟ ನೀರು ಕೊಡಿ. ಎಣ್ಣೆ ಹತ್ತಿದ ಅಂಗಾಲಿಗೆ ಟೈಲ್ಸ್ ಜಾರುತ್ತದೆ, ಅಂಗಾಲು ಒರೆಸಿಯೇ ಇಳಿಸಿ.

ನಿಮ್ಮ ಮೈಯ ಲೆಕ್ಕ

ಮೊದಲ ವರ್ಷ ಎಲ್ಲವನ್ನೂ ಹೆಬ್ಬೆರಳಿನಿಂದಲೇ ಒತ್ತಿದೆ. ಎರಡನೇ ವರ್ಷಕ್ಕೆ ಬಲ ಹೆಬ್ಬೆರಳ ಬುಡ ನೋಯಲು ಶುರುವಾಗಿ ಕೊಡಪಾನ ಎತ್ತಲು ಆಗುತ್ತಿರಲಿಲ್ಲ. ನಾಲ್ಕು ತಿಂಗಳು ಐಬ್ರೋ ಬಿಟ್ಟು ಬೇರೆ ಕೆಲಸ ಮಾಡಲಿಲ್ಲ. ಈಗ ದೊಡ್ಡ ಜಾಗಕ್ಕೆ ಅಂಗೈ ಬುಡ, ಮುಂಗೈ. ಹೆಬ್ಬೆರಳು ತೀರಾ ಬೇಕಾದಲ್ಲಿ ಮಾತ್ರ, ಅದೂ ಇನ್ನೊಂದು ಕೈ ಮೇಲಿಟ್ಟು ಆಸರೆ ಕೊಟ್ಟು. ಮಣಿಕಟ್ಟು ಆದಷ್ಟು ನೆಟ್ಟಗಿರಲಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಪೂರ್ತಿ ಮಸಾಜ್ ನಾನು ಒಪ್ಪುವುದಿಲ್ಲ, ಲಗ್ನದ ಸುಗ್ಗಿಯಲ್ಲೂ.

ಕಲಿಯುವುದು ಎಲ್ಲಿ, ಮಾರುವುದು ಏನು

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐನಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಟ್ರೇಡ್ ಇದೆ. ನಿಮ್ಮ ಹತ್ತಿರದ ಐಟಿಐನಲ್ಲಿ ಆ ಟ್ರೇಡ್ ನಡೆಯುತ್ತದೆಯೇ ಎಂದು ಹೋಗಿ ಕೇಳಿ. ಹಳ್ಳಿಯ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಬ್ಯಾಂಕುಗಳು ನಡೆಸುವ ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು: ಊಟ, ವಸತಿ ಸಮೇತ ಉಚಿತ. ಈ ಮಾದರಿ ಹುಟ್ಟಿದ್ದು 1982ರಲ್ಲಿ ಉಜಿರೆಯ ರುಡ್‌ಸೆಟ್ ಸಂಸ್ಥೆಯಿಂದ, ಅದರ ಶಾಖೆ ವಿಜಯಪುರದಲ್ಲೂ ಇದೆ. ಅಲ್ಲಿ ಬ್ಯೂಟಿ ಪಾರ್ಲರ್ ತರಬೇತಿಗೆ ಸೇರುವ ಮುಂಚೆ ಬಾಡಿ ಮಸಾಜ್ ಎಷ್ಟು ದಿನ ಹೇಳಿಕೊಡುತ್ತೀರಿ ಎಂದು ಬಾಯಿ ಬಿಟ್ಟು ಕೇಳಿ. ಖಾಸಗಿ ಕೋರ್ಸಾದರೆ ಇನ್ನೂ ಜೋರಾಗಿ ಕೇಳಿ. ಸ್ಪಾಗಳಲ್ಲಿ ಕೆಲಸ ಬೇಕೆಂದರೆ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಸ್ಪಾ ಥೆರಪಿಸ್ಟ್ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ. ಆಯುರ್ವೇದ ಆಸ್ಪತ್ರೆಗಳ ಅಭ್ಯಂಗ, ಪಂಚಕರ್ಮ ವೈದ್ಯರ ಕೈಕೆಳಗಿನ ಕೆಲಸ. ಪಾರ್ಲರಿನ ಬೋರ್ಡಿನಲ್ಲಿ ಆ ಹೆಸರು ಬರೆಸಬೇಡಿ. ಬೊಜ್ಜು ಕರಗಿಸುತ್ತೇವೆ, ಡಿಸ್ಕ್ ಸರಿಮಾಡುತ್ತೇವೆ ಎಂದಂತೂ ಬೇಡವೇ ಬೇಡ. ಮಸಾಜಿನಿಂದ ಬೊಜ್ಜು ಕರಗುವುದಿಲ್ಲ.

ಸ್ವಂತದ್ದು ಮಾಡುವವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿ ತನಕ ಸಾಲ ಸಿಗುತ್ತದೆ, ಅಡಮಾನ ಕೇಳುವಂತಿಲ್ಲ. ಮಂಚ, ಒಂದು ಡಜನ್ ಟಾವೆಲ್, ಆರು ಚಾದರ, ಪರದೆಗೆ ಅಷ್ಟೂ ಬೇಕಾಗುವುದಿಲ್ಲ. ಬೋರ್ಡಿನಲ್ಲಿ "ಮಹಿಳೆಯರಿಗೆ ಮಾತ್ರ" ಎಂದು ದೊಡ್ಡದಾಗಿ ಬರೆಸಿ. ಅಸಂಬದ್ಧ ಫೋನುಗಳು ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತವೆ.

ಮೊದಲ ಹತ್ತು ಮೈ ಮನೆಯವರದ್ದೇ ಆಗಲಿ: ಅವ್ವ, ಅತ್ತೆ, ಓರಗಿತ್ತಿ, ಪಕ್ಕದ ಮನೆಯ ಕಾಕು. ಪ್ರತಿಯೊಬ್ಬರದ್ದೂ ವಹಿಯಲ್ಲಿ ಬರೆಯಿರಿ, ಎಲ್ಲಿ ಬಿಗಿ ಇತ್ತು, ಹತ್ತಕ್ಕೆ ಎಷ್ಟು ಅಂದರು, ಮರುದಿನ ಮೈನೋವು ಬಂತೇ. ಆಮೇಲೆ ಕೂಡ ಪೂರ್ತಿ ಮೈ ಮಾರಲು ಅವಸರ ಬೇಡ. ಬೆನ್ನು-ಹೆಗಲು ಇಪ್ಪತ್ತು ನಿಮಿಷ ಎಂದು ಒಂದೇ ದರ ಇಟ್ಟು ಶುರು ಮಾಡಿ, ಫೇಶಿಯಲ್ಲಿಗೆ ಬಂದವರಿಗೆ ಹೇಳಿ. ಲಗ್ನದ ಹುಡುಗಿಯರು ಬರುತ್ತಾರೆ, ಅವರ ಜೊತೆ ಬಂದ ಚಿಕ್ಕಮ್ಮಂದಿರು ಮುಂದಿನ ವಾರ ತಾವೇ ಬರುತ್ತಾರೆ. ಪರೀಕ್ಷೆಯ ಪೇಪರ್ ತಿದ್ದುವ ದಿನಗಳಲ್ಲಿ ಸಂಜೆ ನಾಲ್ಕರ ಮೇಲೆ ಬಾಗಿಲು ತಟ್ಟುವವರು ಬಹುತೇಕ ಟೀಚರುಗಳೇ. ಆಗ ನಾಲ್ಕು ಟಾವೆಲ್ ಹೆಚ್ಚಿಗೆ ಒಗೆದಿಟ್ಟಿರಿ.